ನಾಗಸ್ವರಕ್ಕೆ ಯಾವ ಬಣ್ಣ?

ಇಂಪು ಕಿವಿಗೆ, ಕಂಪು ಮೂಗಿಗೆ, ತಂಪು ಮೈಗೆ, ಸಿಹಿ ನಾಲಿಗೆಗೆ. ಹಾಗಿದ್ರೂ ನಾವು ‘ಸಿಹಿಯಾದ ಕಂಠ’ ಅಂತೀವಿ. ‘ರಾಗ’ ಅನ್ನೋ ಪದದಲ್ಲೇ ಬಣ್ಣ ಇದೆ. ಅದರ ಮೂಲವಾದ ಸಂಸ್ಕೃತದ ‘ರಂಜ್’ ಧಾತುವಿಗೆ ಬಣ್ಣ ಏರುವುದು ಅನ್ನೋ ಅರ್ಥ ಇದೆ. ನಮಗೆ ಇದೆಲ್ಲ ಮಾತಿನ ಅಲಂಕಾರ. ಆದರೆ ಕೆಲವರಿಗೆ ಹಾಡು ಕೇಳಿದಾಗ ನಿಜವಾಗಿಯೂ ಬಣ್ಣ ಕಾಣುತ್ತೆ, ರುಚಿ ಗೊತ್ತಾಗುತ್ತೆ. ಇದಕ್ಕೆ ಸಿನೆಸ್ತೇಷಿಯಾ ಅಂತ ಹೆಸರು. ಇದು ಕಾಯಿಲೆ ಅಲ್ಲ.

2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸ್ವಿಟ್ಜರ್ಲೆಂಡಿನ ಒಬ್ಬ ಸಂಗೀತಗಾರ್ತಿಯ ಬಗ್ಗೆ ಪುಟ್ಟ ವರದಿ ಬಂತು. ಎರಡು ಸ್ವರಗಳ ನಡುವಿನ ಅಂತರ ಬದಲಾದ ಹಾಗೆ ಆಕೆಯ ನಾಲಿಗೆಯ ಮೇಲಿನ ರುಚಿಯೂ ಬದಲಾಗುತ್ತಿತ್ತು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ, ಷಡ್ಜದಿಂದ ಅಂತರ ಗಾಂಧಾರಕ್ಕೆ ಸಿಹಿ, ಸಾಧಾರಣ ಗಾಂಧಾರಕ್ಕೆ ಉಪ್ಪು, ಶುದ್ಧ ರಿಷಭಕ್ಕೆ ಹುಳಿ. ಆಕೆ ಕಟ್ಟಿ ಹೇಳ್ತಿದ್ದಾಳಾ? ಜ್ಯೂರಿಕ್‌ನ ಸಂಶೋಧಕರು ಆಕೆಯ ನಾಲಿಗೆಗೆ ಬೇರೆ ಬೇರೆ ರುಚಿಯ ದ್ರಾವಣ ಹಚ್ಚಿ, ಕೇಳಿಸಿದ ಅಂತರ ಯಾವುದು ಅಂತ ಗುರುತಿಸಲು ಹೇಳಿದರು. ರುಚಿ ಸ್ವರಕ್ಕೆ ಹೊಂದಿದಾಗ ಉತ್ತರ ಬೇಗ ಬಂತು, ಹೊಂದದಿದ್ದಾಗ ತಡವಾಯ್ತು. ಕಟ್ಟುಕಥೆ ಆಗಿದ್ರೆ ಹೀಗಾಗ್ತಿರಲಿಲ್ಲ.

ಇದನ್ನೆಲ್ಲ ನಾನು ಹುಡುಕಿ ಓದಿದ್ದು ನನ್ನ ಹೆಂಡತಿಯಿಂದಾಗಿ. ನೆಂಟರ ಮದುವೆಯಲ್ಲಿ ಪಕ್ಕದಲ್ಲಿ ಕೂತಿದ್ದವಳು, “ಇವತ್ತು ಅರಿಶಿನ ಸ್ವಲ್ಪ ಮಂಕು” ಅಂದಳು. “ಯಾವ ಅರಿಶಿನ?” ಅಂದೆ. “ನಾಗಸ್ವರದ್ದು.” ಹೇಳಿ ಸುಮ್ಮನಾದಳು. ಮನೆಗೆ ಬಂದ ಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು: ಕೊಳಲು ತಿಳಿನೀಲಿ, ವೀಣೆ ಕಂದು, ಹಾರ್ಮೋನಿಯಂ ಬೂದು. ಎರಡನೇ ಕ್ಲಾಸಿನಲ್ಲಿ ಇದನ್ನ ಸಂಗೀತದ ಮೇಡಂಗೆ ಹೇಳಿ, ಅಧಿಕಪ್ರಸಂಗಿ ಅಂತ ಬೈಸಿಕೊಂಡಿದ್ದಳಂತೆ. ಕ್ಲಾಸೆಲ್ಲ ನಕ್ಕಿತು. ಆಮೇಲೆ ಅವಳು ಹಾಡಲೇ ಇಲ್ಲ, ಯಾರಿಗೂ ಹೇಳಲೂ ಇಲ್ಲ.

ನಾನು ಸಾಫ್ಟ್‌ವೇರ್‌ನವನು, ಟೆಸ್ಟ್ ಮಾಡದೆ ಬಿಡ್ತೀನಾ? ಹನ್ನೆರಡು ವಾದ್ಯಗಳ ದನಿ ಕೇಳಿಸಿ, ಅವಳು ಹೇಳಿದ ಬಣ್ಣಗಳನ್ನ ಶೀಟ್‌ನಲ್ಲಿ ಬರೆದಿಟ್ಟೆ. ಐದು ತಿಂಗಳಾದ ಮೇಲೆ ಒಂದು ಭಾನುವಾರ ಮುನ್ಸೂಚನೆ ಕೊಡದೆ, ಕ್ರಮ ಬದಲಿಸಿ ಮತ್ತೆ ಕೇಳಿಸಿದೆ. ಹನ್ನೊಂದು ಅದೇ ಬಣ್ಣ. ಸಂಶೋಧಕರೂ ನೋಡೋದು ಇದನ್ನೇ: ಎಷ್ಟು ದಿನ ಬಿಟ್ಟು ಕೇಳಿದ್ರೂ ಉತ್ತರ ಬದಲಾಗುತ್ತಾ ಅಂತ.

ಆದರೆ ಒಬ್ಬರ ಬಣ್ಣ ಇನ್ನೊಬ್ಬರಿಗೆ ಹೊಂದಬೇಕು ಅಂತೇನಿಲ್ಲ. ರಷ್ಯಾದ ಸಂಯೋಜಕ ರಿಮ್‌ಸ್ಕಿ ಕೊರ್ಸಕೊವ್‌ಗೆ ಸಿ ಮೇಜರ್ ಬಿಳಿ, ಸ್ಕ್ರಿಯಾಬಿನ್‌ಗೆ ಅದೇ ಕೆಂಪು. ಇಬ್ಬರೂ ಒಪ್ಪಿದ್ದು ಡಿ ಮೇಜರ್ ಹಳದಿ ಅಂತ.

ಸಿನೆಸ್ತೇಷಿಯಾ ಮನೆತನದಲ್ಲಿ ಹರಿದು ಬರೋದುಂಟು ಅಂತ ಓದಿದ ಮೇಲೆ, ಅತ್ತೆಯ ಹತ್ತಿರ ಮಾತು ತೆಗೆಯೋಕೆ ಹೆಂಡತಿಗೆ ಧೈರ್ಯ ತುಂಬಿದೆ. ಸೊಪ್ಪು ಬಿಡಿಸ್ತಿದ್ದ ಅತ್ತೆ ಪೂರ್ತಿ ಕೇಳಿಸಿಕೊಂಡು, “ನಾಗಸ್ವರ ಅರಿಶಿನ ಎಲ್ಲೇ? ಅದು ಕೆಂಪು ಅಲ್ವೇನೇ?” ಅಂದರು.

ತಾಯಿ ಮಗಳು ಇಪ್ಪತ್ತೈದು ವರ್ಷ ಒಂದೇ ರೇಡಿಯೋ ಕೇಳಿದವರು. ಇಬ್ಬರಿಗೂ ಬಣ್ಣ ಕಾಣ್ತಿತ್ತು. ಒಬ್ಬರಿಗೊಬ್ಬರು ಹೇಳಿರಲಿಲ್ಲ. ಅತ್ತೆಗೂ ಚಿಕ್ಕವರಿದ್ದಾಗ ಯಾರೋ “ಹುಚ್ಚು” ಅಂದಿದ್ದರಂತೆ.

2006ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದ ಪ್ರಕಾರ, ನೂರರಲ್ಲಿ ಸುಮಾರು ನಾಲ್ಕು ಜನರಿಗೆ ಒಂದಲ್ಲ ಒಂದು ಬಗೆಯ ಸಿನೆಸ್ತೇಷಿಯಾ ಇರುತ್ತೆ. ನಿಮ್ಮ ಆಫೀಸಿನಲ್ಲೂ ಒಬ್ಬರಿರಬಹುದು, ಮನೆಯ ಮಗುವೂ ಇರಬಹುದು. ನಾಳೆ ಮಗು “ಈ ಹಾಡು ಹಸಿರು” ಅಂದ್ರೆ ನಗಬೇಡಿ, ತಿದ್ದಬೇಡಿ. “ಎಂಥ ಹಸಿರು, ಮಾವಿನೆಲೆಯದಾ, ಪಾಚಿಯದಾ?” ಅಂತ ಕೇಳಿ. ಉತ್ತರ ಕೇಳಿಸಿಕೊಳ್ಳೋಕೆ ಎರಡು ನಿಮಿಷ ಸಾಕು.