ನಾಯಿ ಬೆಕ್ಕುಗಳ ಉಣ್ಣೆಯ ಬಾಧೆಯೂ ಅದರ ನಿವಾರಣೆಯೂ

ಹೊಲವನ್ನು ಕಾಯುವುದಕ್ಕೆ ನಾಯಿಯೂ, ಕಣಜವನ್ನು ಇಲಿಗಳಿಂದ ಉಳಿಸುವುದಕ್ಕೆ ಬೆಕ್ಕೂ ಒಕ್ಕಲುತನಕ್ಕೆ ಎಷ್ಟು ಉಪಕಾರಿಗಳೆಂಬುದನ್ನು ರೈತರಿಗೆ ಬೇರೆಯಾಗಿ ತಿಳಿಸಬೇಕಾದುದಿಲ್ಲ. ಆದರೆ ಎತ್ತು ಮೇವು ಬಿಟ್ಟರೆ ಆ ದಿನವೇ ಪಶುವೈದ್ಯರಲ್ಲಿಗೆ ಹೋಗುವ ಮನೆಯವರು, ಬಾಗಿಲಲ್ಲಿ ಮಲಗಿದ ನಾಯಿಯ ಕಿವಿಯ ತುಂಬ ಉಣ್ಣೆಗಳು ಕಚ್ಚಿಕೊಂಡಿದ್ದರೂ ಅದು ನಾಯಿಯ ಹಣೆಬರಹವೆಂದು ಸುಮ್ಮನಿರುವುದುಂಟು. ಬಾಧೆಯು ಮಿತಿಮೀರಿದಾಗ, ಬೆಳೆಗೆ ಸಿಂಪಡಿಸಿ ಉಳಿದ ಕೀಟನಾಶಕವನ್ನು ನೀರಿಗೆ ಬೆರೆಸಿ ಅದರ ಮೈಮೇಲೆ ಸುರಿಯುವವರೂ ಉಂಟು. ಮೊದಲಿನ ಉದಾಸೀನವೂ ಕಡೆಯ ಆತುರವೂ ಎರಡೂ ತಪ್ಪು. ಎರಡನೆಯದಂತೂ ಪ್ರಾಣಕ್ಕೇ ಮುಳುವಾಗತಕ್ಕುದು.

ಉಣ್ಣೆಯು, ಅಥವಾ ಕೆಲವು ಸೀಮೆಗಳಲ್ಲಿ ಹೇಳುವಂತೆ ಉಣುಗು, ಜೇಡನ ವರ್ಗಕ್ಕೆ ಹತ್ತಿರವಾದ ಜೀವಿ. ನಾಯಿಗಳಲ್ಲಿ ಸಾಧಾರಣವಾಗಿ ಕಾಣುವ ಕಂದು ಉಣ್ಣೆಯು ಮೊಟ್ಟೆಯೊಡೆದು ಬಂದ ಮೇಲೆ ಮೂರು ಅವಸ್ಥೆಗಳನ್ನು ದಾಟುವುದು. ಆರು ಕಾಲಿನ ಮರಿ, ಎಂಟು ಕಾಲಿನ ಎಳೆಯ ಉಣ್ಣೆ, ಬಲಿತ ಉಣ್ಣೆ ಎಂಬ ಈ ಒಂದೊಂದು ಅವಸ್ಥೆಯಲ್ಲಿಯೂ ಅದು ಕೆಲವು ದಿನ ರಕ್ತವನ್ನು ಹೀರಿ ಕೆಳಗೆ ಉದುರುವುದು. ಮರಿಯೂ ಎಳೆಯ ಉಣ್ಣೆಯೂ ಗೋಡೆಯ ಬಿರುಕಿನಲ್ಲೋ ಹಾಸಿದ ಗೋಣಿಯ ಕೆಳಗೋ ಪೊರೆ ಕಳಚಿ ಮತ್ತೆ ನಾಯಿಯನ್ನು ಹುಡುಕುವುವು. ರಕ್ತ ಕುಡಿದು ಉಬ್ಬಿದ ಹೆಣ್ಣು ಅಂತಹ ಸಂದಿಯಲ್ಲಿಯೇ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುವುದು. ಬಲಿತ ಉಣ್ಣೆಯು ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲುದು. ಹೀಗಿರಲು, ಅದರ ಆಯುಷ್ಯದಲ್ಲಿ ಹೆಚ್ಚು ಭಾಗವು ಕಳೆಯುವುದು ನಾಯಿಯ ಮೈಮೇಲಲ್ಲ, ಮನೆಯ ಗೋಡೆಯಲ್ಲಿ. ನಾಯಿಯನ್ನು ಮಾತ್ರ ತೊಳೆದು ಗೋಡೆಯನ್ನು ಬಿಡುವುದು, ಗರಿಕೆಯ ತುದಿಯನ್ನು ಕೊಯ್ದು ಬೇರನ್ನು ಬಿಟ್ಟಂತೆಯೇ ಸರಿ.

ಉಣ್ಣೆಯಿಂದಾಗುವ ನಷ್ಟವು ರಕ್ತಹೀನತೆಯೊಂದೇ ಅಲ್ಲ. 1910ರಲ್ಲಿ ಪ್ಯಾಟನ್ ಎಂಬ ವಿದ್ವಾಂಸರು ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ ಬೆಬೀಸಿಯ ಎಂಬ ಸೂಕ್ಷ್ಮಜೀವಿಯ ಒಂದು ಜಾತಿಯನ್ನು ವರ್ಣಿಸಿದರು. 1935ರಲ್ಲಿ ಅಲ್ಜೀರಿಯ ದೇಶದ ನಾಯಿಗಳಲ್ಲಿ ಎರ್ಲಿಕಿಯ ಎಂಬ ಮತ್ತೊಂದು ರೋಗಾಣುವು ಕಂಡುಬಂದಿತು. ಇವೆರಡನ್ನೂ ಹರಡುವುದು ಉಣ್ಣೆಯೇ. ಜ್ವರ, ಅನ್ನ ಬಿಡುವುದು, ಒಸಡು ಬಿಳಿಚುವುದು, ಮೂತ್ರ ಕಪ್ಪಾಗುವುದು, ಮೂಗಿನಲ್ಲಿ ರಕ್ತ ಸುರಿಯುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಪಶುವೈದ್ಯರಿಗೆ ತೋರಿಸತಕ್ಕುದು.

ಇನ್ನು ಬೆಳೆಯ ಔಷಧದ ವಿಚಾರ. ಪೈರಿಗೆಂದು ತಯಾರಾದ ವಿಷದ ಬಲವೂ ಅದನ್ನು ಕರಗಿಸಿದ ಎಣ್ಣೆಯೂ ಎಲೆಗೆ ತಕ್ಕವೇ ಹೊರತು ಚರ್ಮಕ್ಕಲ್ಲ. ಕ್ಲೋರೋಪೈರಿಫಾಸ್, ಮಾನೋಕ್ರೋಟೋಫಾಸ್ ಮುಂತಾದವು ಚರ್ಮದ ಮೂಲಕವೂ ಒಳಸೇರುವುವು. ನಾಯಿಯು ಮೈ ನೆಕ್ಕಿದಾಗ ಹೊಟ್ಟೆಗೂ ಇಳಿಯುವುವು. ಜೊಲ್ಲು ಸುರಿದು, ಮೈ ನಡುಗಿ, ಸೆಳವು ಬಂದು ಸಾಯುವ ನಾಯಿಯನ್ನು ಉಣ್ಣೆಯು ಕೊಂದಿತೆನ್ನುವುದು ನ್ಯಾಯವಲ್ಲ. ಸುರಿದವರಿಗೂ, ಆಮೇಲೆ ಅದರ ಮೈ ಮುಟ್ಟಿ ಆಡುವ ಮಕ್ಕಳಿಗೂ ಇದರಿಂದ ಅಪಾಯವುಂಟು.

ಬೆಕ್ಕು ಸಣ್ಣ ನಾಯಿಯಲ್ಲವೆಂಬುದನ್ನೂ ನೆನಪಿಡತಕ್ಕುದು. ನಾಯಿಗಳಿಗೆ ಹಚ್ಚುವ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಇರುವುದು. ಇದನ್ನು ನಾಯಿಯು ತಾಳಿಕೊಳ್ಳುವುದು. ಬೆಕ್ಕಿನ ಯಕೃತ್ತಿಗೆ ಇದನ್ನು ಬೇಗನೆ ಕಳೆಯುವ ಶಕ್ತಿಯಿಲ್ಲವಾದ ಕಾರಣ ಅದಕ್ಕೆ ಇದೇ ಮಾರಕ. ಔಷಧ ಹಚ್ಚಿದ ನಾಯಿಯ ಮೈ ಒಣಗುವವರೆಗೆ ಬೆಕ್ಕನ್ನು ಅದರ ಹತ್ತಿರ ಬಿಡಲಾಗದು. ಅಕಸ್ಮಾತ್ ಬೆಕ್ಕಿಗೆ ತಗಲಿದರೆ ಉಗುರುಬೆಚ್ಚಗಿನ ನೀರು ಸಾಬೂನುಗಳಿಂದ ಕೂಡಲೇ ತೊಳೆದು ವೈದ್ಯರಲ್ಲಿಗೆ ಒಯ್ಯಬೇಕು.

ಹಾಗಾದರೆ ಮಾಡತಕ್ಕುದೇನು? ಪ್ರತಿದಿನವೂ ಕಿವಿಯ ಒಳಭಾಗ, ಕುತ್ತಿಗೆ, ಬೆರಳುಗಳ ಸಂದುಗಳನ್ನು ನೋಡಿ, ಕಚ್ಚಿದ ಉಣ್ಣೆಯನ್ನು ಚಿಮಟದಿಂದ ಚರ್ಮದ ಬುಡದಲ್ಲೇ ಹಿಡಿದು ನೆಟ್ಟಗೆ ಎಳೆದು ತೆಗೆಯಬೇಕು. ಸೀಮೆಎಣ್ಣೆ ಹಚ್ಚುವುದು, ಕಿಡಿ ತಾಗಿಸುವುದು, ಬೆರಳಿನಿಂದ ಹಿಸುಕುವುದು ಸಲ್ಲದು. ನಾಯಿ ಮಲಗುವ ಗೋಣಿಯನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು. ಗೋಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚಬೇಕು. ಫ್ಲುರಾಲನರ್ ಮೊದಲಾದ ಗುಳಿಗೆಗಳು ಈಗ ದೊರೆಯುತ್ತವೆ; ಪ್ರಾಣಿಯ ತೂಕವನ್ನೂ, ಹಿಂದೆ ಸೆಳವು ಬಂದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿಯೇ ಕೊಡತಕ್ಕುದು. ಗೋಡೆಯೊಳಗಿನ ಮೊಟ್ಟೆಗಳು ಒಡೆದು ತೀರುವವರೆಗೆ, ಎಂದರೆ ಕೆಲವು ತಿಂಗಳ ಕಾಲ, ಈ ಕೆಲಸವನ್ನು ಬಿಡಬಾರದು.

ಮಲೆನಾಡಿನವರಿಗೆ ಇನ್ನೊಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ ಮಂಗನ ಕಾಯಿಲೆಯು ಕಾಡಿನ ಬೇರೆ ಜಾತಿಯ ಉಣುಗಿನಿಂದ ಮನುಷ್ಯರಿಗೆ ಹರಡುವಂಥದು. ಕಾಡಿಗೆ ಹೋಗಿಬಂದ ನಾಯಿಯ ಮೈಯನ್ನು ಬರಿಗೈಯಿಂದ ಸವರದೆ ಅಂಗಳದಲ್ಲಿಯೇ ಪರೀಕ್ಷಿಸುವುದು ಕ್ಷೇಮ.

ಕಾಲುಬಾಯಿ ರೋಗದ ಲಸಿಕೆ ಹಾಕಲು ಪಶುವೈದ್ಯರು ಊರಿಗೆ ಬರುವ ದಿನ ದನಗಳನ್ನೆಲ್ಲ ಸಾಲಾಗಿ ಕಟ್ಟುವುದುಂಟು. ಆ ಸಾಲಿನ ಕೊನೆಯಲ್ಲಿ ಮನೆಯ ನಾಯಿಯನ್ನೂ ನಿಲ್ಲಿಸುವುದಕ್ಕೆ ಖರ್ಚೇನೂ ತಗಲದು. ವರ್ಷವೆಲ್ಲ ಇರುಳು ನಿದ್ದೆಗೆಟ್ಟು ಪೈರು ಕಾದ ಪ್ರಾಣಿಗೆ ಇಷ್ಟಾದರೂ ಸಲ್ಲಬೇಕಾದುದು ಧರ್ಮ.