ಹಂಪಿಯ ಬಜಾರು ಹಂಪಿಯವರಿಗೆ ಮರಳಲಿ

ಗೋವಿಂದರಾಜನಗರದ ನಮ್ಮ ಮನೆಯಿಂದ ಹಂಪಿನಗರಕ್ಕೆ ನಡೆದೇ ಹೋಗಬಹುದು. ನಡುವೆ ಸಿಗುವುದು ವಿಜಯನಗರ. ಸಂಜೆ ಆರು ದಾಟಿದರೆ ಅಲ್ಲಿನ ಮಾರ್ಕೆಟ್ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗೋಣಿಚೀಲದ ಮೇಲೆ ಸೊಪ್ಪಿನ ಕಟ್ಟುಗಳು, ತಳ್ಳುಗಾಡಿಯಲ್ಲಿ ಹಣ್ಣು, ಅದರ ಪಕ್ಕದಲ್ಲಿ ಹೂವಿನವರು. ಮೊಳಕೈಯಿಂದ ಬೆರಳ ತುದಿಯವರೆಗೆ ಮಲ್ಲಿಗೆ ದಂಡೆ ಎಳೆದು ಅಳೆದು, ಕೊನೆಗೆ ಪರಿಚಯದವರಿಗೆಂದು ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಾರೆ. 1443ರಲ್ಲಿ ಹೆರಾತ್‌ನ ದೊರೆ ಶಾಹ್‌ರುಖ್‌ನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, ಅಲ್ಲಿನ ಬಜಾರಿನಲ್ಲಿ ಗುಲಾಬಿ ಮಾರುವವರನ್ನು ಕಂಡು ಬೆರಗಾಗಿದ್ದ. ಈ ಊರಿನವರಿಗೆ ಅನ್ನದಷ್ಟೇ ಹೂವೂ ಬೇಕೆಂದು ಅವನಿಗೆ ಅನ್ನಿಸಿತ್ತು. ನಮ್ಮ ವಿಜಯನಗರದ ಬೀದಿಯಲ್ಲಿ ನಿಂತರೆ ಆ ಮಾತು ಇಂದಿಗೂ ನಿಜ.

ಆದರೆ ಹೆಸರು ಪಡೆದ ಬಡಾವಣೆಯಲ್ಲಿ ಹೂವಿನ ಬೀದಿ ಉಳಿದಿದೆ, ಹೆಸರು ಕೊಟ್ಟ ಊರಿನಲ್ಲಿ ಉಳಿದಿಲ್ಲ. 2011ರ ಜುಲೈ 29ರಂದು ವಿರೂಪಾಕ್ಷನ ಗುಡಿಯ ಎದುರಿನ ಹಂಪಿ ಬಜಾರಿಗೆ ಜೆಸಿಬಿಗಳು ನುಗ್ಗಿದವು. ಹೈಕೋರ್ಟ್ ಆದೇಶದ ಬೆನ್ನಿಗೆ ನಡೆದ ತೆರವು ಅದು. ಸಾಲುಮಂಟಪಗಳಲ್ಲೂ ಅವಕ್ಕೆ ಒತ್ತಿಕೊಂಡೂ ಇದ್ದ ಅಂಗಡಿ, ಹೋಟೆಲು, ಮನೆಗಳು ನೆಲಕ್ಕುರುಳಿದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದವು. ಸಾಮಾನು ಎತ್ತಿಕೊಳ್ಳಲು ಅವರಿಗೆ ಸಿಕ್ಕಿದ್ದು ಗಂಟೆಗಳು, ದಿನಗಳಲ್ಲ. ಆಮೇಲೆ ಅವರಿಗೆಂದು ಗುರುತಾದ ಜಾಗ ನಾಲ್ಕು ಕಿಲೋಮೀಟರ್ ಆಚೆಯ ಕಡ್ಡಿರಾಂಪುರದ ಬಳಿ.

ಇದನ್ನು ಪರಂಪರೆಯ ರಕ್ಷಣೆ ಎಂದು ಕರೆದರು. ನಾನು ಒಪ್ಪುವುದಿಲ್ಲ. ಅದು ತಪ್ಪು. ವರ್ಷಗಳು ಕಳೆದಿವೆ ಎಂದ ಮಾತ್ರಕ್ಕೆ ಸರಿಯಾಗುವ ತಪ್ಪೂ ಅಲ್ಲ.

ತೆರವಿಗೆ ಐದಾರು ವರ್ಷ ಮೊದಲು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟು, ಬೆಳಿಗ್ಗೆ ಹೊಸಪೇಟೆಯಲ್ಲಿಳಿದು, ಬಸ್ಸು ಹಿಡಿದು ಆ ಬೀದಿಗೆ ಹೋಗಿದ್ದೆ. ಒಂದು ಮಂಟಪದಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಸೀಮೆಎಣ್ಣೆ ಸ್ಟೌ ಮೇಲೆ ಚಹಾ ಕಾಯಿಸುತ್ತಿದ್ದರು. ಒಂದು ಕಂಬಕ್ಕೆ ಬಾಳೆಗೊನೆ ನೇತುಹಾಕಿದ್ದರು. ಇನ್ನೊಂದು ಕಂಬ ಭುಜದ ಎತ್ತರಕ್ಕೆ ನುಣ್ಣಗೆ ಹೊಳೆಯುತ್ತಿತ್ತು. ಬಂದವರೆಲ್ಲ ಅದಕ್ಕೇ ಒರಗಿ ಚಹಾ ಕುಡಿದು ಬಂದ ಹೊಳಪು. ತಲೆಯ ಮೇಲಿನ ಕಲ್ಲಿನ ತೊಲೆ ಹೊಗೆ ಹಿಡಿದು ಕಪ್ಪಾಗಿತ್ತು. ಅದನ್ನೂ ಹೇಳಬೇಕು, ಮುಚ್ಚಿಡಬಾರದು. “ಗುಡಿಗೆ ಹೋಗಿ ಬರ್ರಿ ಅಣ್ಣಾ, ಚಪ್ಲಿ ಚೀಲ ಇಲ್ಲೇ ಇಡ್ರಿ, ನಾ ನೋಡ್ಕೋತೀನಿ” ಎಂದರು. ಇಟ್ಟು ಹೋದೆ. ಮಾತಂಗ ಬೆಟ್ಟ ಹತ್ತಿ ಇಳಿದು ಮಧ್ಯಾಹ್ನ ಬಂದಾಗ ಚೀಲ ಇಟ್ಟಲ್ಲೇ ಇತ್ತು. ಬಿಸಿಲು ತಿರುಗಿದಂತೆ ಚಪ್ಪಲಿಯನ್ನು ಮಾತ್ರ ನೆರಳಿಗೆ ಸರಿಸಿದ್ದರು.

ಕಳೆದ ಸಲ ಹೋದಾಗ ಅದೇ ಮಂಟಪ ಹುಡುಕಿದೆ. ಗುಡಿಯಿಂದ ಎದುರು ಬಸವಣ್ಣನವರೆಗೆ ಮುಕ್ಕಾಲು ಕಿಲೋಮೀಟರ್ ಬೀದಿ ಬಣಗುಡುತ್ತಿತ್ತು. ಮಂಟಪದೊಳಗೆ ಎರಡು ನಾಯಿ ಮಲಗಿದ್ದವು, ಮೂಲೆಯಲ್ಲಿ ನೀರಿನ ಬಾಟಲಿಗಳ ರಾಶಿ ಇತ್ತು. ತೊಲೆಯ ಮೇಲಿನ ಮಸಿ ಹಾಗೆಯೇ ಇತ್ತು. ಮಸಿ ತೊಳೆಯಲು ಯಾರೂ ಬಂದಿರಲಿಲ್ಲ, ಚಹಾ ಕಾಯಿಸುತ್ತಿದ್ದವರನ್ನು ಕಳಿಸಿಯಾಗಿತ್ತು.

ತೆರವಿನ ಪರ ಇರುವವರ ವಾದ ನನಗೆ ಗೊತ್ತು. ಮಂಟಪಗಳ ನಡುವೆ ಇಟ್ಟಿಗೆ ಗೋಡೆ ಎದ್ದಿತ್ತು, ಸಿಮೆಂಟ್ ಬಳಿದಿದ್ದರು, ಶೌಚಾಲಯ ಕಟ್ಟಿದ್ದರು, ಕೆಲವು ಕಡೆ ಎರಡಂತಸ್ತಿನ ವಸತಿಗೃಹಗಳೇ ತಲೆ ಎತ್ತಿದ್ದವು. ಎಲ್ಲವೂ ನಿಜ. ಆ ಗೋಡೆ, ಆ ಅಂತಸ್ತು ಹೋಗಲೇಬೇಕಿತ್ತು. ಆದರೆ ಗೋಡೆ ಕೆಡವುವುದು ಬೇರೆ, ಗೋಡೆಯ ಒಳಗಿದ್ದವರನ್ನು ಊರು ಬಿಡಿಸುವುದು ಬೇರೆ. ತಪ್ಪು ಮಾಡಿದವರಿಗೂ ಚಾಪೆ ಹಾಸಿ ಬಳೆ, ಕುಂಕುಮ, ತೆಂಗಿನಕಾಯಿ ಮಾರುತ್ತಿದ್ದವರಿಗೂ ಒಂದೇ ಹೆಸರಿಟ್ಟರು: ಅತಿಕ್ರಮಣದಾರರು. ಆ ವಿಳಾಸಕ್ಕೆ ಪಡಿತರ ಚೀಟಿ, ಮತದಾರರ ಚೀಟಿ ಕೊಟ್ಟಿದ್ದು ಇದೇ ಸರ್ಕಾರ. ವೋಟು ಕೇಳುವಾಗ ಅವರು ಊರಿನವರು, ಜೆಸಿಬಿ ತರುವಾಗ ಅತಿಕ್ರಮಣದಾರರು.

ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳ ವಿಷಯದಲ್ಲಿ ನನ್ನ ನಿಲುವು ಬೇರೆ. ನದಿಯ ನಡುಗಡ್ಡೆಯಲ್ಲಿ, ನಿಯಮ ಗೊತ್ತಿದ್ದೂ ಎಬ್ಬಿಸಿದ ವ್ಯಾಪಾರ ಅದು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೆರವು ಸರಿ ಎಂದಿತು, ಮಾರ್ಚ್‌ನಲ್ಲಿ ಕೆಡವಿದರು. ಅದು ನ್ಯಾಯ. ಆದರೆ ಆ ರೆಸಾರ್ಟನ್ನೂ ಬಜಾರಿನ ಚಹಾದಂಗಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಬಜಾರು ಎಂಬುದು ಹಂಪಿಗೆ ಆಮೇಲೆ ಅಂಟಿಕೊಂಡ ಕೊಳೆ ಎಂಬಂತೆ ಮಾತಾಡುತ್ತಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಯಸ್ ಊರನ್ನು ರೋಮ್‌ಗೆ ಹೋಲಿಸಿದ. ಅವನ ಬರಹದಲ್ಲಿ ಅರಮನೆಯಷ್ಟೇ ಜಾಗ ಸಂತೆಗಳಿಗೂ ಇದೆ. ಆ ಸಾಲುಮಂಟಪಗಳನ್ನು ಕಟ್ಟಿದ್ದೇ ರಥ ಸಾಗುವ ಬೀದಿಯಲ್ಲಿ ಜನ ಕೂರಲಿ, ವ್ಯಾಪಾರ ನಡೆಯಲಿ ಎಂದು. ಕೃಷ್ಣ ಬಜಾರು, ಅಚ್ಯುತರಾಯನ ಗುಡಿಯ ಮುಂದಿನ ಬಜಾರು, ವಿಠಲ ಬಜಾರು ಎಲ್ಲವೂ 1565ರ ರಕ್ಕಸತಂಗಡಿ ಕಾಳಗದ ನಂತರ ಪಾಳುಬಿದ್ದವು. ವಿರೂಪಾಕ್ಷನ ಬೀದಿಯೊಂದು ನಮ್ಮ ಕಾಲದವರೆಗೂ ಉಸಿರಾಡುತ್ತಿತ್ತು, ಏಕೆಂದರೆ ಗುಡಿಯಲ್ಲಿ ಪೂಜೆ ನಡೆಯುತ್ತಿತ್ತು, ಪೂಜೆಗೆ ಬರುವವರಿಗೆ ಹಣ್ಣುಕಾಯಿ ಬೇಕಿತ್ತು. ರಾಬರ್ಟ್ ಸಿವೆಲ್ 1900ರಲ್ಲಿ ತನ್ನ ಪುಸ್ತಕಕ್ಕೆ ‘ಮರೆತುಹೋದ ಸಾಮ್ರಾಜ್ಯ’ ಎಂಬರ್ಥದ ಹೆಸರಿಟ್ಟ. ಮರೆತಿದ್ದವರು ಯಾರು? ಪಂಪಾ ವಿರೂಪಾಕ್ಷರ ತೇರು ಎಳೆಯಲು ವರ್ಷವರ್ಷವೂ ಬರುತ್ತಿದ್ದ ಸುತ್ತಲಿನ ಹಳ್ಳಿಗಳವರಂತೂ ಮರೆತಿರಲಿಲ್ಲ. ಯುದ್ಧ ಮುಗಿಸಲಾಗದ ಬಜಾರನ್ನು ರಕ್ಷಣೆಯ ಹೆಸರಿನಲ್ಲಿ ನಾವು ಮುಗಿಸಿದೆವು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಜನ ಹೋದರೆ ಕಲ್ಲು ಉಳಿಯುತ್ತದೆ ಎಂಬ ನಂಬಿಕೆಯಾದರೂ ನಿಜವಾಯಿತೇ? 2024ರ ಮೇ ತಿಂಗಳ ಮಳೆಗೆ ಇದೇ ಬೀದಿಯ ಸಾಲುಮಂಟಪದ ಒಂದು ಭಾಗ ಕುಸಿದುಬಿತ್ತು. ಅಲ್ಲಿ ಆಗ ಯಾರೂ ವಾಸವಿರಲಿಲ್ಲ, ಯಾರೂ ಮೊಳೆ ಹೊಡೆದಿರಲಿಲ್ಲ. ಜನ ಇಲ್ಲದ್ದಕ್ಕೇ ಬಿತ್ತು ಎಂದು ನಾನು ಹೇಳುತ್ತಿಲ್ಲ. ಹಳೆಯ ಅಡಿಪಾಯ, ನಿಂತ ನೀರು, ತಡವಾದ ದುರಸ್ತಿ ಎಲ್ಲವೂ ಸೇರಿರುತ್ತದೆ. ಆದರೆ ಸೂರಿನಡಿ ಮಲಗುವವನಿಗೆ ಸೂರು ಸೋರಿದ್ದು ಮೊದಲ ರಾತ್ರಿಯೇ ಗೊತ್ತಾಗುತ್ತದೆ. ಕಂಬ ಒಂದು ಬೆರಳು ವಾಲಿದರೂ ಅದಕ್ಕೆ ಒರಗಿ ಕೂರುವವರ ಕಣ್ಣಿಗೆ ಬೀಳುತ್ತದೆ. ಗಜಶಾಲೆಯ ಹಿಂದಿನ ವಿಷ್ಣು ದೇವಾಲಯದಲ್ಲಿ ಕೆಲವು ಯುವಕರು ಕಂಬ ತಳ್ಳಿ ಕೆಡವಿದ್ದು ನೆನಪಿರಬಹುದು. 2019ರ ಫೆಬ್ರುವರಿಯಲ್ಲಿ ವಿಡಿಯೊ ಹರಿದಾಡಿದ ಮೇಲೆಯೇ ಅದು ನಾಡಿಗೆ ಗೊತ್ತಾಯಿತು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ ಅವರಿಂದಲೇ ಕಂಬ ಎತ್ತಿ ನಿಲ್ಲಿಸಿತು, ಒಳ್ಳೆಯದಾಯಿತು. ಆದರೆ ನಿರ್ಜನ ಜಾಗದಲ್ಲಿ ಕಂಬ ತಳ್ಳುವಾಗ “ಏಯ್” ಎನ್ನುವವರು ಒಬ್ಬರೂ ಇರಲಿಲ್ಲ. ಯುನೆಸ್ಕೊ ಪಟ್ಟಿಯ ಹಂಪಿ 4,187 ಹೆಕ್ಟೇರ್. ಅದರಲ್ಲಿ 1,600ಕ್ಕೂ ಹೆಚ್ಚು ಅವಶೇಷಗಳಿವೆ. ಇಷ್ಟನ್ನೂ ಕಾವಲುಗಾರರೇ ಕಾಯುತ್ತಾರೆ ಎಂದು ನಂಬುವವರು ಆ ಬಂಡೆಗಳ ನಡುವೆ ಒಮ್ಮೆ ನಡೆದು ನೋಡಲಿ.

ಯುನೆಸ್ಕೊ ಹೆಸರು ಹೇಳಿ ಹೆದರಿಸುವುದು ಇನ್ನೊಂದು ರೂಢಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ 1999ರಲ್ಲಿ ‘ಅಪಾಯದಲ್ಲಿದೆ’ ಎಂಬ ಪಟ್ಟಿಗೆ ಬಿತ್ತು, 2006ರಲ್ಲಿ ಹೊರಬಂತು. ಆ ಕಳಂಕ ತಂದವರು ಬಾಳೆಹಣ್ಣು ಮಾರುವವರಲ್ಲ. ನದಿಗೆ ಅಡ್ಡಲಾಗಿ ಆನೆಗೊಂದಿಯ ಬಳಿ ಸರ್ಕಾರವೇ ಕಟ್ಟಲು ಹೊರಟಿದ್ದ ಸೇತುವೆ ಅದಕ್ಕೆ ದೊಡ್ಡ ಕಾರಣ. ಆ ಸೇತುವೆ 2009ರ ಜನವರಿಯಲ್ಲಿ, ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರ ಪ್ರಾಣ ತೆಗೆಯಿತು. ಜರ್ಮನಿಯ ಡ್ರೆಸ್ಡನ್ ಕೂಡ ಅದೇ ವರ್ಷ ಪಟ್ಟಿಯಿಂದಲೇ ಹೊರಬಿದ್ದದ್ದು ಸೇತುವೆಯ ಕಾರಣಕ್ಕೆ. ದೊಡ್ಡವರ ಯೋಜನೆಗೆ ಬಂದ ಎಚ್ಚರಿಕೆಯ ದಂಡವನ್ನು ಸಣ್ಣವರು ತೆತ್ತರು.

ಕಾಂಬೋಡಿಯಾದ ಅಂಕೋರ್‌ನಲ್ಲೂ ಇದೇ ಆಗಿದೆ. 2022ರಿಂದ ಸುಮಾರು 10,000 ಕುಟುಂಬಗಳನ್ನು ಗುಡಿಗಳ ಸುತ್ತಲಿಂದ ಎಬ್ಬಿಸಿ ದೂರದ ರುನ್ ತಾ ಏಕ್‌ಗೆ ಕಳಿಸುವ ಕೆಲಸ ಶುರುವಾಯಿತು. ಜನರನ್ನು ಎಬ್ಬಿಸಿ ಎಂದು ತಾನು ಹೇಳಿಲ್ಲ ಎಂಬುದು ಯುನೆಸ್ಕೊ ಉತ್ತರ. ವೆನಿಸ್‌ನಲ್ಲಿ ಯಾರೂ ಜೆಸಿಬಿ ತರಲಿಲ್ಲ, ಪ್ರವಾಸಿಗಳೇ ತುಂಬಿಕೊಂಡು ಊರಿನವರು ತಾವಾಗಿ ಹೊರಟರು. 1950ರ ದಶಕದಲ್ಲಿ ಒಂದೂಮುಕ್ಕಾಲು ಲಕ್ಷದಷ್ಟಿದ್ದ ಹಳೆಯ ಊರಿನ ಜನಸಂಖ್ಯೆ 2022ರಲ್ಲಿ 50,000ಕ್ಕಿಂತ ಕೆಳಗಿಳಿಯಿತು. ಇನ್ನೊಂದು ದಾರಿಯೂ ಇದೆ, ಅದು ನಮ್ಮ ದೇಶದ್ದೇ. 2017ರಲ್ಲಿ ಭಾರತದ ಮೊದಲ ವಿಶ್ವ ಪರಂಪರೆಯ ನಗರವಾದ ಅಹಮದಾಬಾದ್‌ನ ಹಿರಿಮೆಯೇ ಅದರ ಪೋಳ್‌ಗಳು, ಅಂದರೆ ಜನ ಇಂದಿಗೂ ಸಂಸಾರ ಮಾಡುತ್ತಿರುವ ಓಣಿಗಳು. 2019ರಲ್ಲಿ ಪಟ್ಟಿ ಸೇರಿದ ಜೈಪುರದಲ್ಲಿ ಜೋಹರಿ ಬಜಾರಿನವರು ಬಾಗಿಲು ಮುಚ್ಚಬೇಕಾಗಲಿಲ್ಲ.

ಅಷ್ಟು ದೂರವೂ ಬೇಡ. 1537ರಲ್ಲಿ ವಿಜಯನಗರದ ಸಾಮಂತರಾಗಿ ಕೆಂಪೇಗೌಡರು ಕಟ್ಟಿದ ಬೆಂಗಳೂರು ಪೇಟೆಯಲ್ಲಿ ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ತರಗುಪೇಟೆ ಇಂದಿಗೂ ಗಿಜಿಗುಡುತ್ತಿವೆ. ಹಂಪಿಯ ಬಜಾರಿಗೆ ಇವು ತಂಗಿಯರಿದ್ದಂತೆ. ಚಿಕ್ಕಪೇಟೆಯ ಪರಂಪರೆ ಉಳಿಸಲು ಚಿಕ್ಕಪೇಟೆಯ ವ್ಯಾಪಾರಿಗಳನ್ನು ಕೆಂಗೇರಿಗೆ ಸಾಗಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಬೆಂಗಳೂರು ಬಾಯಿ ಮುಚ್ಚಿಕೊಂಡು ಇರುತ್ತದೆಯೇ? ಹಂಪಿಯವರ ಹಿಂದೆ ಅಂಥ ದನಿ ಇರಲಿಲ್ಲ. ಆ ಬೀದಿಯಲ್ಲಿ ಚಹಾ ಕುಡಿದು, ಫೋಟೊ ತೆಗೆದುಕೊಂಡು ಬಂದ ನಮ್ಮಂಥವರು ಆ ದಿನ ಟಿವಿಯಲ್ಲಿ ಧೂಳು ನೋಡಿ ಸುಮ್ಮನಿದ್ದೆವು. ಈಗ ಹಂಪಿಯ ಜನತಾ ಪ್ಲಾಟ್‌ನಲ್ಲಿ ಹೋಮ್‌ಸ್ಟೇ ನಡೆಸುವವರಿಗೂ ತೆರವಿನ ಭಯ ತಪ್ಪಿಲ್ಲ. ಈ ಸಲವೂ ಸುಮ್ಮನಿರುವುದು ಸರಿಯಲ್ಲ.

ಆಗಬೇಕಾದದ್ದನ್ನು ಹೇಳುತ್ತೇನೆ. 2011ರಲ್ಲಿ ಎಬ್ಬಿಸಿದ ಕುಟುಂಬಗಳ ಪಟ್ಟಿ ಸರ್ಕಾರದ ಬಳಿಯೇ ಇದೆ. ಅವರಿಗೆ ಮಂಟಪದಲ್ಲಿ ವಾಸ ಬೇಡ, ಹಗಲಿನ ವ್ಯಾಪಾರ ಸಾಕು. ಬೆಂಕಿ ಹಚ್ಚಬಾರದು, ಮೊಳೆ ಹೊಡೆಯಬಾರದು, ಸಿಮೆಂಟ್ ಮುಟ್ಟಬಾರದು, ಸಂಜೆ ಎತ್ತಿಕೊಂಡು ಹೋಗುವ ಅಂಗಡಿ ಮಾತ್ರ ಎಂಬ ನಿಯಮ ಹಾಕಲಿ. ಮೀರಿದವರ ಪರವಾನಗಿ ರದ್ದಾಗಲಿ. ಬಿದ್ದ ಸಾಲುಮಂಟಪ ಎತ್ತಿ ನಿಲ್ಲಿಸುವ, ಉಳಿದದ್ದನ್ನು ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳುವ ಕೆಲಸದಲ್ಲಿ ಊರಿನ ಹುಡುಗರಿಗೆ ತರಬೇತಿ ಕೊಟ್ಟು ಸಂಬಳ ಕೊಡಲಿ. ಹಂಪಿ ಪ್ರಾಧಿಕಾರದ ವ್ಯಾಪ್ತಿಯಲ್ಲಿ 29 ಹಳ್ಳಿಗಳಿವೆ. ಅವುಗಳ ಬಗ್ಗೆ ತೀರ್ಮಾನ ಮಾಡುವ ಮೇಜಿನ ಸುತ್ತ ಅಧಿಕಾರಿಗಳ ಜೊತೆಗೆ ಆ ಹಳ್ಳಿಗಳವರಿಗೂ ಕುರ್ಚಿ ಇರಲಿ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ಜಿಲ್ಲೆಗೆ ವಿಜಯನಗರ ಎಂಬ ಹೆಸರು ಬಂತು. ಆ ಹೆಸರಿನ ಜಿಲ್ಲೆ ತನ್ನ ಬಜಾರನ್ನು ಮತ್ತೆ ತೆರೆಯಬೇಕು.

ನಮ್ಮ ಕಡೆಯಿಂದ, ಈ ಪಶ್ಚಿಮ ಬೆಂಗಳೂರಿನಿಂದ, ಪ್ರತಿ ರಜೆಗೂ ಹಂಪಿಗೆ ಹೊರಡುವವರು ಬಹಳ. ಮುಂದಿನ ಸಲ ಹೋದಾಗ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಮರಳಿಬಿಡಬೇಡಿ. ವಿರೂಪಾಕ್ಷನ ಗುಡಿಯ ಆಸುಪಾಸಿನಲ್ಲಿ ಬುಟ್ಟಿ ಇಟ್ಟುಕೊಂಡು ಬಾಳೆಹಣ್ಣು ಮಾರುವವರ ಹತ್ತಿರ ಹಣ್ಣು ಕೊಳ್ಳಿ, ನಿಮ್ಮ ಅಂಗಡಿ ಮೊದಲು ಯಾವ ಮಂಟಪದಲ್ಲಿತ್ತು ಎಂದು ಕೇಳಿ. ಅವರು ಕೈ ತೋರಿಸಿದ ಕಂಬದವರೆಗೆ ಅವರ ಜೊತೆ ನಡೆದು ಹೋಗಿ. ಊರಿಗೆ ಬಂದ ಮೇಲೆ ನಿಮ್ಮ ಶಾಸಕರಿಗೆ, ಹಂಪಿ ಪ್ರಾಧಿಕಾರಕ್ಕೆ ಒಂದು ಪತ್ರ ಬರೆಯಿರಿ. ನಾನು ಬರೆದಿದ್ದೇನೆ.