ಪೋಸ್ಟರ್ ಬೇಡ, ಅಕ್ಷರ ಕಳಿಸಿ

ಪರೀಕ್ಷಾ ಶುಲ್ಕ ಕಟ್ಟೋಕೆ ಕೊನೇ ದಿನ ಯಾವತ್ತು? ಮೇಲ್ ಬಂದಿರುತ್ತೆ, ಆದರೆ ಇನ್‌ಬಾಕ್ಸಿನಲ್ಲಿ ಹುಡುಕಿದರೆ ಸುಲಭಕ್ಕೆ ಸಿಗಲ್ಲ. ಯಾಕಂದ್ರೆ ದಿನಾಂಕ ಇರೋದು ಬಣ್ಣದ ಪೋಸ್ಟರಿನ ಒಳಗೆ. ನೆಟ್‌ವರ್ಕ್ ಸರಿಯಿಲ್ಲದ ಊರಲ್ಲಿದ್ದರೆ ಆ ಚಿತ್ರ ತೆರೆಯೋದೂ ಕಷ್ಟ. ಕಣ್ಣು ಕಾಣದ ಗೆಳೆಯರ ಸ್ಕ್ರೀನ್ ರೀಡರ್ ಅದನ್ನು ಸರಿಯಾಗಿ ಓದುತ್ತೆ ಅನ್ನೋ ಭರವಸೆಯೂ ಇಲ್ಲ. ದಂಡ ಕಟ್ಟೋದು ಮಾತ್ರ ವಿದ್ಯಾರ್ಥಿಯೇ.

'ಕನ್ನಡದಲ್ಲಿ ಮೇಲ್ ಕಳಿಸಿದ್ರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತೆ, ಅದಕ್ಕೇ ಚಿತ್ರ' ಅನ್ನುವವರಿದ್ದಾರೆ. ಒಂದು ಕಾಲಕ್ಕೆ ಅದು ನಿಜ. 1982ರ ಎಸ್‌ಎಂಟಿಪಿ ನಿಯಮಕ್ಕೆ ಗೊತ್ತಿದ್ದದ್ದು 7 ಬಿಟ್‌ನ ಆಸ್ಕಿ ಅಕ್ಷರಗಳು ಮಾತ್ರ. ಆದರೆ 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು, 1992ರಲ್ಲಿ ಮೈಮ್ ಕೂಡ ಬಂತು. ಈಗ ಪೈಥಾನಿನಲ್ಲಿ 'ಈಮೇಲ್ ಮೆಸೇಜ್' ಕ್ಲಾಸಿಗೆ ಕನ್ನಡ ಪಠ್ಯ ಕೊಟ್ಟರೆ ಅದೇ ಯುಟಿಎಫ್-8 ಎಂದು ಗುರುತು ಹಾಕುತ್ತೆ, ವಿಷಯದ ಸಾಲನ್ನೂ ಎನ್‌ಕೋಡ್ ಮಾಡುತ್ತೆ. ಕಳಿಸೋಕೆ 'ಎಸ್‌ಎಂಟಿಪಿ ಲಿಬ್' ಇದೆ. ಹದಿನೈದು ಇಪ್ಪತ್ತು ಸಾಲಿನ ಸ್ಕ್ರಿಪ್ಟ್, ಒಂದು ಲ್ಯಾಬ್ ಅವಧಿಯ ಕೆಲಸ.

ತೂಕ ನೋಡಿ. 'ಕನ್ನಡ' ಅನ್ನೋ ಪದದಲ್ಲಿ 5 ಯೂನಿಕೋಡ್ ಸಂಕೇತಗಳಿವೆ. ಒಂದಕ್ಕೆ 3 ಬೈಟ್‌ನಂತೆ 15 ಬೈಟ್, ಬೇಸ್64 ಮಾಡಿದರೆ 20. ಸಾವಿರ ಸಂಕೇತಗಳ ನೋಟಿಸಿಗೂ ಸುಮಾರು 4 ಕಿಲೋಬೈಟ್ ಸಾಕು. ಪೋಸ್ಟರಿಗೆ ಅದರ ನೂರು ಪಟ್ಟು ಹಿಡಿದರೂ ಆಶ್ಚರ್ಯವಿಲ್ಲ.

ಪೋಸ್ಟರೇ ಬೇಡ ಅಂತ ನಾವು ಹೇಳ್ತಿಲ್ಲ. ಫೆಸ್ಟಿಗೆ, ಗೋಡೆಗೆ ಅದು ಚೆಂದ. ಆದರೆ ಶುಲ್ಕ, ಇಂಟರ್ನಲ್ಸ್, ಹಾಸ್ಟೆಲ್, ವಿದ್ಯಾರ್ಥಿವೇತನದ ಸುದ್ದಿ ಸಾದಾ ಅಕ್ಷರದಲ್ಲೇ ಬರಬೇಕು. ಕೊನೇ ದಿನಾಂಕ ವಿಷಯದ ಸಾಲಿನಲ್ಲೇ ಇರಬೇಕು.

ಸ್ಕ್ರಿಪ್ಟ್ ಬರೆಯೋರು ಕೆಲವು ಶಿಸ್ತು ಪಾಲಿಸಲೇಬೇಕು. ಇನ್ನೂರು ವಿಳಾಸಗಳನ್ನು 'ಟು' ಸಾಲಿಗೆ ಸುರಿಯಬೇಡಿ. ಒಬ್ಬೊಬ್ಬರಿಗೂ ಬೇರೆ ಮೇಲ್ ಹೋಗಲಿ, ಇಲ್ಲಾಂದ್ರೆ ಎಲ್ಲರ ವಿಳಾಸ ಎಲ್ಲರ ಕೈಗೆ. ಪಾಸ್‌ವರ್ಡನ್ನು ಕೋಡಿನೊಳಗೆ ಬರೆದು ಗಿಟ್‌ಹಬ್‌ಗೆ ಹಾಕಬೇಡಿ, ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡಿ. ಸಂಪರ್ಕ ಟಿಎಲ್‌ಎಸ್ ಮೂಲಕವೇ ಇರಲಿ.

ಈ ಸೆಮಿಸ್ಟರಿನಿಂದ ಪ್ರತಿ ವಿಭಾಗ, ಪ್ರತಿ ಕ್ಲಬ್ ಹೀಗೆ ಶುರು ಮಾಡಲಿ ಅನ್ನೋದು ನಮ್ಮ ಒತ್ತಾಯ. ಎಲ್ಲರಿಗೂ ಕಳಿಸೋ ಮುಂಚೆ ನಿಮಗೇ ಒಂದು ಕಳಿಸಿಕೊಳ್ಳಿ. ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿ, ಪರದೆ ನೋಡದೆ ಕೇಳಿ. ಕೊನೇ ದಿನ ಯಾವುದು ಅಂತ ಕಿವಿಗೆ ಬಿತ್ತಾ? ಹಾಗಿದ್ರೆ ಕಳಿಸಿ.